ಯಾರಿಗೆ ತೋರಿಸಬೇಕು?

2018ರ ನರಕಚತುರ್ದಶಿಯ ರಾತ್ರಿ ನಾನು ನನ್ನ ತಂಗಿಗೆ ಒಂದು ಮಾತು ಅಂದೆ. ಅನ್ನುವಾಗ ಅದು ಬುದ್ಧಿವಾದ ಎಂದೇ ತಿಳಿದಿದ್ದೆ. ಇಪ್ಪತ್ತು ಇಪ್ಪತ್ತೈದು ವರ್ಷ ಮಕ್ಕಳಿಗೆ ಬುದ್ಧಿ ಹೇಳಿದವರಿಗೆ ಅದೊಂದು ಚಟವಾಗಿ ಅಂಟಿಕೊಳ್ಳುತ್ತದೆ; ಕೇಳದವರಿಗೂ ಹೇಳುತ್ತೇವೆ, ಶಾಲೆಯ ಗಂಟೆ ಹೊಡೆದ ಮೇಲೂ ಹೇಳುತ್ತೇವೆ. ಆ ಮಾತನ್ನು ಇಲ್ಲಿ ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಆದರೆ ಅದನ್ನು ಬರೆಯದೆ ಮುಂದಿನದನ್ನು ಹೇಳುವ ಹಾಗಿಲ್ಲ.

ನಮ್ಮದು ಮಲೆನಾಡಿನ ಹಳೆಯ ಮನೆ. ಬಚ್ಚಲಲ್ಲಿ ಅಜ್ಜನ ಕಾಲದ ತಾಮ್ರದ ಹಂಡೆ ಇನ್ನೂ ಒಲೆಯ ಮೇಲೆ ಕೂತಿದೆ. ನೀರು ತುಂಬುವ ಹಬ್ಬದ ಸಂಜೆ ಅದನ್ನು ಹುಣಸೆಹಣ್ಣು ಹಚ್ಚಿ ಬೆಳಗಿ, ಕೊರಳಿಗೆ ಹಿಂಡಲೆಕಾಯಿಯ ಬಳ್ಳಿ ಸುತ್ತಿ, ಹೊಸ ನೀರು ತುಂಬುತ್ತೇವೆ. ಮರುದಿನ ಬೆಳಕು ಹರಿಯುವ ಮುಂಚೆ ಎಲ್ಲರಿಗೂ ಎಣ್ಣೆಸ್ನಾನ. ತಂಗಿ ನನಗಿಂತ ಐದು ವರ್ಷಕ್ಕೆ ಚಿಕ್ಕವಳು. ಅಮ್ಮನಿಗೆ ಕೈನೋವು ಶುರುವಾದಂದಿನಿಂದ ಅವಳ ನೆತ್ತಿಗೆ ಎಣ್ಣೆ ಒತ್ತಿ ಬೆನ್ನು ತಿಕ್ಕುವ ಕೆಲಸ ನನ್ನದಾಗಿತ್ತು. ನಾನು ಮದುವೆಯಾಗದೆ ಅಣ್ಣನ ಸಂಸಾರದ ಜೊತೆಗೇ ಉಳಿದೆ. ಅವಳು ಮದುವೆಯಾಗಿ ಎರಡು ಮಕ್ಕಳ ತಾಯಾದಳು. ಆದರೂ ದೀಪಾವಳಿಗೆ ಬಂದಳೆಂದರೆ ಮಣೆಯ ಮೇಲೆ ಕೂತು “ಅಕ್ಕಾ, ಎಣ್ಣೆ” ಎನ್ನುವುದು ಮಾತ್ರ ತಪ್ಪಿರಲಿಲ್ಲ.

2017ರಲ್ಲಿ ಅದು ತಪ್ಪಿತು. ಆ ವರ್ಷ ಅವಳಿಗೆ ನಲವತ್ತೊಂದು. ಎಡಗಡೆಯ ಎದೆಯಲ್ಲಿ ಗಂಟು ಕಂಡದ್ದನ್ನು ಐದು ತಿಂಗಳು ಯಾರಿಗೂ ಹೇಳದೆ ಇಟ್ಟುಕೊಂಡಿದ್ದಳು. ಮಗಳ ಪರೀಕ್ಷೆ ಮುಗಿಯಲಿ, ಅತ್ತೆಯ ಕಣ್ಣಿನ ಆಪರೇಷನ್ ಮುಗಿಯಲಿ ಎಂದು ಮುಂದೆ ಹಾಕುತ್ತಾ ಹೋದಳಂತೆ. ಬೇಗ ತಿಳಿದಿದ್ದರೆ ಗಂಟನ್ನಷ್ಟೇ ತೆಗೆದು ಎದೆಯನ್ನು ಉಳಿಸಬಹುದಿತ್ತೇನೋ. ಬೆಂಗಳೂರಿಗೆ ಹೋಗುವ ಹೊತ್ತಿಗೆ ಅದು ಕಂಕುಳಿಗೆ ಹಬ್ಬಿತ್ತು. ಇಡೀ ಎದೆಯನ್ನು ತೆಗೆದರು. ಆಮೇಲೆ ಔಷಧಿ, ಆಮೇಲೆ ವಿಕಿರಣ. ಆ ದೀಪಾವಳಿಗೆ ಎಣ್ಣೆ ಒತ್ತಲು ಅವಳ ತಲೆಯಲ್ಲಿ ಕೂದಲೇ ಇರಲಿಲ್ಲ.

ಮರುವರ್ಷ ಕೂದಲು ಬಂತು. ಮೊದಲಿನ ಹಾಗೆ ನೀಳವಲ್ಲ, ಕುರಿಮರಿಯ ಹಾಗೆ ಗುಂಗುರು. ನಾನು ಎಣ್ಣೆ ಬಿಸಿ ಮಾಡಿಕೊಂಡು ಕರೆದೆ. ಅವಳು ಬಟ್ಟಲನ್ನು ನನ್ನ ಕೈಯಿಂದ ತೆಗೆದುಕೊಂಡು ಬಚ್ಚಲಿಗೆ ಹೋಗಿ ಒಳಗಿಂದ ಚಿಲಕ ಹಾಕಿಕೊಂಡಳು. ಸುಮಾರು ಹೊತ್ತಾದ ಮೇಲೆ ಬಂದಳು. ಒದ್ದೆ ಲಂಗವೊಂದು ಹಿತ್ತಿಲ ಹಗ್ಗದ ಮೇಲೆ ಬಿತ್ತು. ಒಬ್ಬಳೇ ಇದ್ದಾಗಲೂ ಲಂಗವನ್ನು ಎದೆಯವರೆಗೆ ಎಳೆದು ಕಟ್ಟಿಕೊಂಡೇ ಮೀಯುತ್ತಾಳೆಂದು ನನಗೆ ಆಗ ಗೊತ್ತಾಯಿತು. ಅತ್ತಿಗೆಯೂ ನೋಡಿದಳು. ಇಬ್ಬರೂ ಏನೂ ಅನ್ನಲಿಲ್ಲ.

ಅವತ್ತು ರಾತ್ರಿ ಊಟವಾದ ಮೇಲೆ ಹೂಬತ್ತಿ ಹೊಸೆಯುತ್ತಾ ಕೂತಿದ್ದೆವು. ಅವಳು ತಲೆ ಎತ್ತದೆ ಹೇಳಿದಳು: “ಅಕ್ಕಾ, ಹೊಟ್ಟೆಯ ಚರ್ಮ, ಕೊಬ್ಬು ತೆಗೆದು ಎದೆ ಕಟ್ಟಬಹುದಂತೆ. ಡಾಕ್ಟರ ಹತ್ತಿರ ಎರಡು ಸಲ ಮಾತಾಡಿ ಬಂದೆ. ಮಾಡಿಸಿಕೊಳ್ಳೋಣ ಅಂತಿದ್ದೇನೆ.”

ನಾನು ಅಂದೆ: “ಬದುಕಿ ಬಂದಿದ್ದೀಯಲ್ಲ, ಅಷ್ಟು ಸಾಲದಾ? ಈ ವಯಸ್ಸಿನಲ್ಲಿ ಯಾರಿಗೆ ತೋರಿಸಬೇಕು ನೀನು?”

ಅವಳು ಉತ್ತರ ಕೊಡಲಿಲ್ಲ. ಇನ್ನೊಂದು ಬತ್ತಿ ಹೊಸೆದಳು. ನನಗೆ ನೆನಪಿರುವುದು ಅದೇ: ಬೆರಳು ತಡವರಿಸಲಿಲ್ಲ, ಬತ್ತಿ ತುದಿಯವರೆಗೆ ಸರಿಯಾಗಿ ಬಂತು.

ಈ ಶಸ್ತ್ರಚಿಕಿತ್ಸೆ ಏನೆಂದು ಆಗ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ತೀರ್ಪು ಕೊಟ್ಟಿದ್ದೆ. ಡಿಸೆಂಬರ್ ರಜೆಯಲ್ಲಿ ಅವಳ ಜೊತೆ ನಾನೂ ಬೆಂಗಳೂರಿಗೆ ಹೋದೆ. ಮನಸ್ಸಿನಲ್ಲಿದ್ದದ್ದು ಡಾಕ್ಟರ ಎದುರೇ ಅವಳನ್ನು ಬಿಡಿಸಿ ಕರೆತರುವ ಹಂಚಿಕೆ. ಡಾಕ್ಟರು ಸಮಾಧಾನದ ಮನುಷ್ಯರು, ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಹೊಕ್ಕುಳಿನ ಕೆಳಗೆ, ಈ ಸೊಂಟದಿಂದ ಆ ಸೊಂಟದವರೆಗೆ ದೋಣಿಯಾಕಾರದಲ್ಲಿ ಚರ್ಮವನ್ನೂ ಕೊಬ್ಬನ್ನೂ ಎತ್ತುತ್ತಾರೆ. ಅದಕ್ಕೆ ರಕ್ತ ತರುವ ನಾಳಗಳು ಹೊಟ್ಟೆಯ ಸ್ನಾಯುವಿನೊಳಗಿಂದ ತೂರಿ ಮೇಲೆ ಬರುತ್ತವೆ. ಸ್ನಾಯುವನ್ನು ಕೀಳದೆ, ಎಳೆಗಳನ್ನು ಬಿಡಿಸಿ ದಾರಿ ಮಾಡಿಕೊಂಡು, ನಾಳವನ್ನು ಮಾತ್ರ ಬೇರಿನ ಹಾಗೆ ಎಳೆದುಕೊಳ್ಳಬೇಕು. ಎರಡು ಮೂರು ಮಿಲಿಮೀಟರಿನ ಆ ನಾಳವನ್ನು ಕತ್ತರಿಸಿ, ಪಕ್ಕೆಲುಬಿನ ಹಿಂದಿರುವ ಇನ್ನೊಂದು ನಾಳಕ್ಕೆ ಸೂಕ್ಷ್ಮದರ್ಶಕದ ಕೆಳಗೆ, ಕೂದಲಿಗಿಂತ ತೆಳುವಾದ ದಾರದಿಂದ ಹೊಲಿಯುತ್ತಾರೆ. ರಕ್ತ ಹರಿದರೆ ಅದು ಅಲ್ಲಿ ಬದುಕುತ್ತದೆ. ನಾಳ ಹೆಪ್ಪುಗಟ್ಟಿದರೆ ಸಾಯುತ್ತದೆ, ತೆಗೆದುಹಾಕಬೇಕಾಗುತ್ತದೆ. ಎಂಟು ಗಂಟೆಯ ಕೆಲಸ. ಹೊಟ್ಟೆಯಿಂದ ತೆಗೆಯುವುದು ಜೀವಮಾನದಲ್ಲಿ ಒಂದೇ ಸಲ ಸಾಧ್ಯ.

ಮೊದಲು ಹೀಗಿರಲಿಲ್ಲವಂತೆ. 1982ರಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ ಕಾರ್ಲ್ ಹಾರ್‌ಟ್ರಾಂಪ್ ಎಂಬ ವೈದ್ಯರು ಪ್ರಕಟಿಸಿದ ವಿಧಾನದಲ್ಲಿ ಹೊಟ್ಟೆಯ ಸ್ನಾಯುವನ್ನೂ ಜೊತೆಗೆ ಎತ್ತಿ, ಚರ್ಮದಡಿಯಲ್ಲೇ ಎದೆಗೆ ಸರಿಸುತ್ತಿದ್ದರು. ಎದೆ ಬರುತ್ತಿತ್ತು, ಹೊಟ್ಟೆ ಸಡಿಲವಾಗುತ್ತಿತ್ತು; ಕೆಲವರಿಗೆ ಅಂಡವಾಯುವಿನಂತೆ ಉಬ್ಬು. ಸ್ನಾಯುವನ್ನು ಬಿಟ್ಟು ನಾಳವನ್ನು ಮಾತ್ರ ತರಬಹುದೆಂದು 1989ರಲ್ಲಿ ಜಪಾನಿನವರು ತೋರಿಸಿದರು, 1992ರಲ್ಲಿ ನ್ಯೂ ಆರ್ಲಿಯನ್ಸಿನಲ್ಲಿ ರಾಬರ್ಟ್ ಅಲೆನ್ ಅದನ್ನು ಎದೆ ಕಟ್ಟಲು ಬಳಸಿದರು. ಡಾಕ್ಟರು ಇದನ್ನು ‘ಡೀಪ್’ ಎಂದು ಕರೆಯುತ್ತಾರೆ. ಸಿಲಿಕೋನಿನ ಚೀಲ ಇಡುವ ಸುಲಭದ ದಾರಿಯೂ ಇದೆ. ಆದರೆ ತಂಗಿಯ ಎದೆಯ ಚರ್ಮ ವಿಕಿರಣಕ್ಕೆ ಸಿಕ್ಕಿ ಒಣಹಪ್ಪಳದ ಹಾಗೆ ಬಿಗಿದುಕೊಂಡಿತ್ತು. ಅದರಡಿಯಲ್ಲಿ ಪರವಸ್ತು ಚೆನ್ನಾಗಿ ಕೂರುವುದಿಲ್ಲ, ಅವಳದೇ ಮಾಂಸ ಮೇಲು ಎಂದರು. ಇದನ್ನು ಕೇಳಿ ನನ್ನ ಅತ್ತಿಗೆ “ಸಾಲದಿದ್ದರೆ ನನ್ನ ಹೊಟ್ಟೆಯದೂ ಕೊಡುತ್ತೇನೆ” ಎಂದು ಆಮೇಲೆ ಬಹಳ ಉದಾರವಾಗಿ ಹೇಳಿದಳು. ಬೇರೆಯವರದು ದೇಹಕ್ಕೆ ಒಗ್ಗುವುದಿಲ್ಲ ಎಂದು ತಿಳಿದು ಅವಳಿಗೆ ನಿಜವಾಗಿಯೂ ಬೇಸರವಾಯಿತು.

ಡಾಕ್ಟರು ಇನ್ನೂ ಎರಡು ಮಾತು ಹೇಳಿದರು. ಇದರಿಂದ ಆಯುಷ್ಯ ಹೆಚ್ಚುವುದಿಲ್ಲ. ರೋಗ ಮರಳುವ ಸಂಭವವೂ ಇದರಿಂದ ಹೆಚ್ಚುವುದಿಲ್ಲ. ಮತ್ತೆ, ಹೊಸ ಎದೆಗೆ ಸ್ಪರ್ಶ ಬರುವುದು ಅಷ್ಟಕ್ಕಷ್ಟೆ. ನಾನು ಇದನ್ನೇ ಹಿಡಿದುಕೊಂಡೆ. ಆಯುಷ್ಯ ಹೆಚ್ಚುವುದಿಲ್ಲ, ಹಾಲೂಡಿಸುವ ಮಕ್ಕಳಿಲ್ಲ, ಸ್ಪರ್ಶವೂ ಇಲ್ಲ, ಹಾಗಾದರೆ ಯಾತಕ್ಕೆ? ಗಾಯ ಮಾಗಿದ ದೇಹವನ್ನು, ಏನೂ ಆಗದ ಹೊಟ್ಟೆಯನ್ನು, ಬೇಕೆಂದೇ ಇನ್ನೊಮ್ಮೆ ಸೀಳಿಸಿಕೊಳ್ಳುವುದು ಸರಿಯೇ? ಖರ್ಚು ಅವರ ಎರಡು ಎಕರೆ ಅಡಿಕೆ ತೋಟದ ಒಂದು ವರ್ಷದ ಫಸಲನ್ನು ಮೀರುತ್ತಿತ್ತು. ಮಗಳು ಪಿಯುಸಿಯಲ್ಲಿದ್ದಳು. ನನ್ನ ಪ್ರಶ್ನೆ ದುಷ್ಟ ಪ್ರಶ್ನೆಯೇನೂ ಅಲ್ಲ. ಅದನ್ನು ಕೇಳಿದ ರೀತಿ ದುಷ್ಟವಾಗಿತ್ತು, ಅಷ್ಟೆ ಎಂದು ನನಗೆ ನಾನೇ ಹೇಳಿಕೊಂಡೆ.

ಆದರೆ ಬಸ್ಸಿನಲ್ಲಿ ಹಿಂದಿರುಗುವಾಗ ನನಗೆ ದೊಡ್ಡಮ್ಮ ನೆನಪಾದಳು.

1983ರಲ್ಲಿ ನಮ್ಮ ದೊಡ್ಡಮ್ಮನಿಗೂ ಇದೇ ಕಾಯಿಲೆಯಾಗಿತ್ತು. ಆಗಿನ ಕಾಲದ ಆಪರೇಷನ್. ಎದೆಯ ಜೊತೆಗೆ ಅಡಿಯ ಸ್ನಾಯುವನ್ನೂ ತೆಗೆದಿದ್ದರು, ಪಕ್ಕೆಲುಬು ಎಣಿಸುವ ಹಾಗೆ ಕಾಣುತ್ತಿತ್ತೆಂದು ಅಮ್ಮ ಹೇಳುತ್ತಿದ್ದಳು. ನಮ್ಮ ಮನೆಗಳಲ್ಲಿ ಆ ಕಾಯಿಲೆಯ ಹೆಸರನ್ನು ಎತ್ತುತ್ತಿರಲಿಲ್ಲ, ‘ಅದು’ ಎನ್ನುತ್ತಿದ್ದರು. ದೊಡ್ಡಮ್ಮ ಹಳೆಯ ಸೀರೆಯ ತುಂಡಿನಿಂದ ಒಂದು ಚೀಲ ಹೊಲಿದು ರವಿಕೆಯೊಳಗೆ ಇಟ್ಟುಕೊಳ್ಳುತ್ತಿದ್ದಳು. ಮೊದಲು ಹತ್ತಿ ತುಂಬಿದಳು. ಹತ್ತಿಗೆ ತೂಕವಿಲ್ಲ, ಕೈ ಎತ್ತಿದರೆ ಮೇಲಕ್ಕೆ ಸರಿದುಬಿಡುತ್ತಿತ್ತು. ಆಮೇಲೆ ರಾಗಿ ತುಂಬಿದಳು. ರಾಗಿ ಹೇಳಿದಲ್ಲಿ ಕೂರುತ್ತದೆ, ಮೆತ್ತಗಿರುತ್ತದೆ, ಬಾಗಿದರೆ ಬಾಗುತ್ತದೆ. ಮಳೆಗಾಲದಲ್ಲಿ ಮಾತ್ರ ಹುಳ ಬೀಳುತ್ತಿತ್ತು. ತಿಂಗಳಿಗೊಮ್ಮೆ ಬಿಚ್ಚಿ, ಹುರಿದು, ಮತ್ತೆ ತುಂಬುತ್ತಿದ್ದಳು. ಹುರಿದ ರಾಗಿಯ ವಾಸನೆ ಅವಳಿಗೆ ಇತ್ತು. ನಾವು ಮಕ್ಕಳು ಅದನ್ನು ತಿಂಡಿಯ ವಾಸನೆ ಎಂದುಕೊಂಡಿದ್ದೆವು.

ಮರುವರ್ಷ ಒಂದು ಮದುವೆಯ ಚಪ್ಪರದಲ್ಲಿ, ಪಂಕ್ತಿಯಲ್ಲಿ ಬಡಿಸುತ್ತಾ ಬಾಗಿದಾಗ ಚೀಲದ ಹೊಲಿಗೆ ಬಿಟ್ಟಿತು. ರವಿಕೆಯ ಕೆಳಗಿನಿಂದ ರಾಗಿ ಸುರಿಯತೊಡಗಿತು. ಎಲೆಗಳ ಮೇಲೆ, ನೆಲದ ಮೇಲೆ. ದೊಡ್ಡಮ್ಮ ಸೌಟನ್ನು ಕೆಳಗಿಟ್ಟು, ಸೆರಗನ್ನು ಅದುಮಿ ಹಿಡಿದು, ಸಾಲಿನ ತುದಿಯವರೆಗೆ ನಡೆದೇ ಹೋದಳು, ಓಡಲಿಲ್ಲ. ಹಿಂದೆ ನೆಲದ ಮೇಲೆ ಗೆರೆ ಬರೆದ ಹಾಗೆ ರಾಗಿ. ನಾವು ಮಕ್ಕಳು ನಕ್ಕೆವು. ನನಗಾಗ ಹದಿಮೂರು, ಯಾಕೆ ನಗಬಾರದು ಎಂದು ತಿಳಿಯುವಷ್ಟು ದೊಡ್ಡವಳೇ ಆಗಿದ್ದೆ. ಅಲ್ಲಿಂದ ಮುಂದೆ ಅವಳು ಯಾವ ಮದುವೆಗೂ ಹೋಗಲಿಲ್ಲ. ನಾಲ್ಕು ವರ್ಷ ಬದುಕಿದ್ದಳು.

ಅವಳು ವಿಧವೆ, ಐವತ್ತೆಂಟರ ಹೆಂಗಸು. ಯಾರಿಗೆ ತೋರಿಸಲು ಆ ರಾಗಿಯನ್ನು ಹುರಿಯುತ್ತಿದ್ದಳು? ಜನರಿಗೆ ಎಂದು ಅಂದುಕೊಳ್ಳಬಹುದು. ಆದರೆ ಮನೆಯಿಂದ ಹೊರಗೆ ಕಾಲಿಡುವುದನ್ನೇ ಬಿಟ್ಟ ಮೇಲೂ, ಹಾಸಿಗೆ ಹಿಡಿಯುವವರೆಗೂ ಆ ಚೀಲ ಅವಳ ಮೈಮೇಲಿತ್ತು ಎಂದು ಅಮ್ಮ ಹೇಳಿದ್ದು ನನಗೆ ಆ ಬಸ್ಸಿನಲ್ಲಿ ನೆನಪಾಯಿತು.

ನಾನು ಶಾಲೆಯಲ್ಲಿ ಕನ್ನಡ, ಸಮಾಜ ಎರಡನ್ನೂ ಹೇಳುತ್ತೇನೆ. ಮೂರನೆಯ ಮೈಸೂರು ಯುದ್ಧವನ್ನು ಎಷ್ಟು ಸಲ ಪಾಠ ಮಾಡಿದ್ದೇನೋ ಲೆಕ್ಕವಿಲ್ಲ: 1790ರಿಂದ 1792, ಶ್ರೀರಂಗಪಟ್ಟಣದ ಒಪ್ಪಂದ, ಒತ್ತೆಯಾಗಿ ಹೋದ ಇಬ್ಬರು ಮಕ್ಕಳು. ಆ ಯುದ್ಧದ ಮೂಲೆಯಲ್ಲಿ ಒಬ್ಬ ಎತ್ತು ಹೊಡೆಯುವವನಿದ್ದನೆಂದು ನನಗೆ ಗೊತ್ತಾದದ್ದು ತಂಗಿಯ ವಿಷಯ ಓದುತ್ತಾ ಹೋದ ಮೇಲೆ. ಅವನ ಹೆಸರು ಕವಾಸ್‌ಜಿ. ಇಂಗ್ಲಿಷರ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ. ಟಿಪ್ಪುವಿನ ಕಡೆಗೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಸುಮಾರು ಒಂದು ವರ್ಷದ ಮೇಲೆ ಪುಣೆಯ ಹತ್ತಿರದ, ಇಟ್ಟಿಗೆ ಮಾಡುವ ಜಾತಿಯ ಒಬ್ಬಾತ ಅವನಿಗೆ ಮೂಗು ಕಟ್ಟಿದ. ಮೇಣದ ತೆಳು ಹಾಳೆಯನ್ನು ಮೂಗಿನ ಆಕಾರಕ್ಕೆ ಕೂರಿಸಿ, ಅದನ್ನು ಬಿಡಿಸಿ ಹಣೆಯ ಮೇಲಿಟ್ಟು ಗೆರೆ ಎಳೆದು, ಅಷ್ಟು ಚರ್ಮವನ್ನು ಎತ್ತಿ, ಹುಬ್ಬುಗಳ ನಡುವೆ ಒಂದು ತೊಟ್ಟು ಉಳಿಸಿ ಕೆಳಕ್ಕೆ ಹೊರಳಿಸಿದ. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ ಅವನ ಚಿತ್ರವನ್ನು ಅಚ್ಚುಹಾಕಿತು. ಅದನ್ನು ನೋಡಿಯೇ ಅಲ್ಲಿನ ವೈದ್ಯರು ಕಲಿಯತೊಡಗಿದರು. ಜೋಸೆಫ್ ಕಾರ್ಪ್ಯೂ 1814ರಲ್ಲಿ ಲಂಡನ್ನಿನಲ್ಲಿ ಹಾಗೆಯೇ ಒಂದು ಮೂಗು ಮಾಡಿದರು. ದೇಹದ ಒಂದು ಕಡೆಯದನ್ನು ಎತ್ತಿ ಇನ್ನೊಂದು ಕಡೆ ಬದುಕಿಸುವ ಈ ವಿದ್ಯೆ ನಮ್ಮಲ್ಲಿ ಸುಶ್ರುತನ ಗ್ರಂಥದಲ್ಲಿಯೇ ಇದೆ. ಅಲ್ಲಿ ಮೂಗಿಗೆ ಕೆನ್ನೆಯ ಚರ್ಮ.

ಮೂಗಿಲ್ಲದವನೂ ಉಸಿರಾಡುತ್ತಾನೆ. ಕವಾಸ್‌ಜಿ ಕಳೆದುಕೊಂಡ ಕೈಯನ್ನು ಯಾರೂ ತಂದುಕೊಡಲಾಗಲಿಲ್ಲ, ಹೊಟ್ಟೆಪಾಡಿಗೆ ಬೇಕಾಗಿದ್ದದ್ದು ಅದೇ. ಆದರೂ ಅವನು ನೆಟ್ಟಗಿದ್ದ ಹಣೆಯನ್ನು ಕೊಯ್ಯಿಸಿಕೊಳ್ಳಲು, ಅರಿವಳಿಕೆ ಇಲ್ಲದ ಕಾಲದಲ್ಲಿ, ತಲೆ ಕೊಟ್ಟು ಮಲಗಿದ. ಅದನ್ನು ಯಾರೂ ಷೋಕಿ ಎನ್ನಲಿಲ್ಲ. ಮೂಗೆಂದರೆ ಮಾನ ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಮೂಗು ಎಲ್ಲರ ಕಣ್ಣಿಗೆ ಕಾಣುತ್ತದೆ, ಎದೆ ಸೆರಗಿನ ಒಳಗಿದೆ ಎಂದು ನೀವು ಹೇಳಬಹುದು. ನಾನೂ ಹಾಗೇ ವಾದಿಸಿಕೊಂಡೆ. ಹಾಗಾದರೆ ನಮ್ಮ ಲೆಕ್ಕ ಇಷ್ಟೇ ಆಯಿತು: ಬೇರೆಯವರಿಗೆ ಕಾಣುವ ಊನ ಮಾತ್ರ ಊನ. ತನಗೊಬ್ಬಳಿಗೇ ದಿನಾ ಬೆಳಿಗ್ಗೆ ಕಾಣುವುದು ಲೆಕ್ಕಕ್ಕಿಲ್ಲ. ಅವಳು ನೋಡುವುದು ನೋಡುವುದೇ ಅಲ್ಲ.

ಈ ಮಧ್ಯೆ ಅವಳ ಮನೆಯಲ್ಲೂ ಮಾತು ನಡೆದಿತ್ತು. ಅವಳ ಗಂಡ ಬಹಳ ಒಳ್ಳೆಯವನು. “ನನಗೇನೂ ಬೇಕಾಗಿಲ್ಲ, ನೀನು ಬದುಕಿದ್ದರೆ ಸಾಕು” ಎಂದನಂತೆ. ಪ್ರೀತಿಯಿಂದಲೇ ಅಂದ ಮಾತು. ತಂಗಿ “ನಿಮಗೆ ಬೇಕಾಗಿಲ್ಲ ಅಂತ ನನಗೆ ಗೊತ್ತು. ನಾನು ನಿಮ್ಮನ್ನು ಕೇಳಲಿಲ್ಲವಲ್ಲ” ಎಂದಳಂತೆ. ಅವನು ನನಗೆ ಫೋನು ಮಾಡಿ, ನೊಂದುಕೊಂಡು, ಇದರಲ್ಲಿ ತಪ್ಪೇನು ಹೇಳಿದೆ ಎಂದು ಕೇಳಿದ. ನನಗೂ ಆಗ ಹೇಳಲಾಗಲಿಲ್ಲ. ಈಗ ಯೋಚಿಸಿದರೆ, ನಾವಿಬ್ಬರೂ ಆಡಿದ್ದು ಒಂದೇ ಮಾತು. ನಾನು ಒರಟಾಗಿ ಆಡಿದ್ದನ್ನು ಅವನು ಮೃದುವಾಗಿ ಆಡಿದ್ದ. ನೋಡುವವನು ಬೇಡವೆಂದ ಮೇಲೆ ವಸ್ತುವಿನ ಅಗತ್ಯ ಮುಗಿಯಿತು ಎಂಬುದೇ ಇಬ್ಬರ ಮಾತಿನ ಒಳಗಿನ ತಿಳಿವಳಿಕೆ.

ನಮ್ಮ ಶಾಲೆಯ ಹಿರಿಯ ಅಧ್ಯಾಪಕರೊಬ್ಬರ ಹತ್ತಿರ, ಬೇರೆ ಯಾರದೋ ವಿಷಯವೆಂಬಂತೆ, ಇದನ್ನು ಪ್ರಸ್ತಾಪಿಸಿದೆ. ಓದಿಕೊಂಡವರು. “ಅಕ್ಕಮಹಾದೇವಿ ಹುಟ್ಟಿದ ನಾಡು ಕಣಮ್ಮಾ ಇದು, ದೇಹವನ್ನೇ ತೃಣ ಮಾಡಿದವಳು” ಎಂದರು. ನನಗೆ ಆ ಮಾತು ಎರಡು ದಿನ ಬಹಳ ದೊಡ್ಡದೆನ್ನಿಸಿತು. ಮೂರನೆಯ ದಿನ ಸಿಟ್ಟು ಬಂತು. ಅಕ್ಕ ತಾನಾಗಿ ಬಿಟ್ಟಳು. ಅರಸನ ಮನೆಯನ್ನೂ ಉಡುಗೆಯನ್ನೂ ಬಿಡುವಾಗ ಅವಳ ಕೈಯಲ್ಲಿ ಬಿಡಲು ಏನೋ ಇತ್ತು, ಬಿಡದಿರುವ ಸ್ವಾತಂತ್ರ್ಯವೂ ಇತ್ತು. ನನ್ನ ತಂಗಿಯಿಂದ ಕಾಯಿಲೆ ಕಿತ್ತುಕೊಂಡದ್ದನ್ನು ವೈರಾಗ್ಯದ ಖಾತೆಗೆ ಜಮಾ ಮಾಡಲು ನಾವು ಯಾರು? ಕಳ್ಳತನವಾದ ಮನೆಯವರಿಗೆ ಹೋಗಿ ‘ಆಸೆಯೇ ದುಃಖಕ್ಕೆ ಮೂಲ’ ಎಂದಂತಾಯಿತು. ಇದನ್ನೆಲ್ಲ ಅವರ ಮುಂದೆ ಹೇಳಲಿಲ್ಲ, ಅದು ಬೇರೆ ವಿಷಯ.

ಇನ್ನೊಂದು ಪಾಠ ನನ್ನನ್ನು ಕಾಡಿತು. ಶಿಬಿ ಚಕ್ರವರ್ತಿಯ ಕಥೆ. ಪಾರಿವಾಳದ ತೂಕಕ್ಕೆ ತನ್ನ ಮಾಂಸವನ್ನೇ ಕೊಯ್ದು ತಕ್ಕಡಿಗೆ ಹಾಕಿದವನು. ಮಕ್ಕಳು ಕಣ್ಣರಳಿಸಿ ಕೇಳುತ್ತಾರೆ. ನಮ್ಮೂರಲ್ಲೇ ಒಬ್ಬಾಕೆ ಗಂಡನಿಗೆ ಮೂತ್ರಪಿಂಡ ಕೊಟ್ಟಳು, ಊರೆಲ್ಲ ಅವಳನ್ನು ಮಹಾತಾಯಿ ಎಂದಿತು. ನಾನೂ ಶಾಲೆಯಿಂದ ಶಾಲು ಹೊದಿಸಿ ಬಂದವಳೇ. ನಮ್ಮ ದೇಶದಲ್ಲಿ ಬದುಕಿರುವಾಗಲೇ ಅಂಗ ಕೊಡುವವರಲ್ಲಿ ಹೆಚ್ಚಿನವರು ಹೆಂಗಸರು, ಪಡೆಯುವವರಲ್ಲಿ ಹೆಚ್ಚಿನವರು ಗಂಡಸರು. ಏನೂ ಆಗದ ಹೊಟ್ಟೆಯನ್ನು ಸೀಳುವುದು ಅಲ್ಲೂ ಉಂಟು, ಎಂಟು ಗಂಟೆ ಅಲ್ಲದಿದ್ದರೂ ಅಪಾಯ ಅಲ್ಲೂ ಉಂಟು. ಹೆಣ್ಣಿನ ಮೈಯಿಂದ ಮಾಂಸ ತೆಗೆಯುವುದಕ್ಕೆ ನಮ್ಮ ಆಕ್ಷೇಪವಿಲ್ಲ ಎಂದಾಯಿತು. ಅದು ಇನ್ನೊಬ್ಬರಿಗೆ ಹೋದರೆ ತ್ಯಾಗ. ತನ್ನ ಹೊಟ್ಟೆಯಿಂದ ತನ್ನದೇ ಎದೆಗೆ, ಒಂದು ಗೇಣು ಮೇಲಕ್ಕೆ ಹೋದರೆ ಮಾತ್ರ ‘ಯಾರಿಗೆ ತೋರಿಸಬೇಕು?’

ಆದರೂ ನನ್ನಲ್ಲಿ ಒಂದು ಅನುಮಾನ ಉಳಿದಿತ್ತು, ಅದನ್ನು ಮುಚ್ಚಿಡಬಾರದು. ಅವಳ ಈ ಆಸೆ ನಿಜಕ್ಕೂ ಅವಳದೇ? ಅಮೆರಿಕದ ಕವಯಿತ್ರಿ ಆಡ್ರೆ ಲಾರ್ಡ್ ಅವರಿಗೆ 1978ರಲ್ಲಿ ಒಂದು ಎದೆಯನ್ನು ತೆಗೆದರು. ಅವರು ಅದರ ಜಾಗದಲ್ಲಿ ಏನನ್ನೂ ಇಟ್ಟುಕೊಳ್ಳಲು ಒಪ್ಪಲಿಲ್ಲ. ವೈದ್ಯರನ್ನು ಕಾಣಲು ಹಾಗೆಯೇ ಹೋದರೆ, ಅಲ್ಲಿನ ದಾದಿ, ನೀವು ಹೀಗೆ ಬರುವುದರಿಂದ ಇಲ್ಲಿರುವವರ ಧೈರ್ಯ ಕುಂದುತ್ತದೆ ಎಂದಳಂತೆ. ಇಸ್ರೇಲಿನ ಮೋಶೆ ದಯಾನ್ ಒಂದು ಕಣ್ಣಿಗೆ ಕಪ್ಪುಪಟ್ಟಿ ಕಟ್ಟಿಕೊಂಡು ಓಡಾಡುತ್ತಿದ್ದರಲ್ಲ, ಅವರಿಗೆ ಹೋಗಿ ಗಾಜಿನ ಕಣ್ಣು ಹಾಕಿಕೊಳ್ಳಿ ಎಂದು ಯಾರಾದರೂ ಹೇಳಿದರೇ ಎಂದು 1980ರ ‘ದಿ ಕ್ಯಾನ್ಸರ್ ಜರ್ನಲ್ಸ್’ ಪುಸ್ತಕದಲ್ಲಿ ಲಾರ್ಡ್ ಕೇಳುತ್ತಾರೆ. ಇದನ್ನು ಓದಿದಾಗ ನನಗೆ ಹಬ್ಬವಾಯಿತು. ನನ್ನ ಪಕ್ಷಕ್ಕೆ ಇಷ್ಟು ದೊಡ್ಡವರೊಬ್ಬರು ಸಿಕ್ಕರಲ್ಲ! ಎರಡು ಎದೆ ಇದ್ದರೇ ಹೆಣ್ಣು ಎಂದು ಲೋಕ ಹೇಳಿಕೊಟ್ಟದ್ದನ್ನು ತಂಗಿ ತನ್ನ ಆಸೆ ಎಂದು ತಪ್ಪು ತಿಳಿದಿದ್ದಾಳೆ, ಇದನ್ನು ಅವಳಿಗೆ ಓದಿ ಹೇಳಬೇಕು ಎಂದು ಅಂದುಕೊಂಡೆ.

ಓದಿ ಹೇಳಲಿಲ್ಲ. ಯಾಕೆಂದರೆ ಅಷ್ಟರಲ್ಲಿ ನನಗೆ ಬೇರೊಂದು ನೆನಪಾಯಿತು. ನಲವತ್ತಕ್ಕೆ ನನ್ನ ಕೂದಲು ನೆರೆತಾಗ ನಾನು ಬಣ್ಣ ಹಚ್ಚಿಕೊಂಡು ಶಾಲೆಗೆ ಹೋದೆ. ಅಧ್ಯಾಪಕರ ಕೊಠಡಿಯಲ್ಲಿ ಒಬ್ಬರು ನಗುನಗುತ್ತಾ “ಯಾರಿಗೆ ತೋರಿಸೋಕೆ ಟೀಚರ್?” ಎಂದಿದ್ದರು. ಗಂಡನಿಲ್ಲದವಳು, ಅದಕ್ಕೆ. ನಾನು ಮನೆಗೆ ಬಂದು ತಲೆ ತೊಳೆದುಕೊಂಡೆ, ಆಮೇಲೆ ಬಣ್ಣ ಮುಟ್ಟಲಿಲ್ಲ. ಆ ಮಾತು ಏಳು ವರ್ಷ ನನ್ನೊಳಗೆ ಕೂತಿದ್ದು, ಅಕ್ಷರವೂ ಬದಲಾಗದೆ, ನನ್ನ ಬಾಯಿಂದಲೇ ತಂಗಿಯ ಮೇಲೆ ಬಿದ್ದಿತ್ತು. ಅವಳ ಆಸೆ ಅವಳದಲ್ಲ ಎಂದು ಪರೀಕ್ಷಿಸಲು ಹೊರಟವಳ ಬುದ್ಧಿವಾದವೇ ಅವಳದಾಗಿರಲಿಲ್ಲ.

ಯಾವ ಆಸೆ ತಾನೇ ಪೂರ್ತಿ ನಮ್ಮದು? ನಾನು ಸೀರೆಯ ನೆರಿಗೆ ತಿದ್ದುವುದು, ಅಣ್ಣ ಮನೆಗೆ ಹೊಸ ಹೆಂಚು ಹಾಕಿಸುವುದು, ಹುಡುಗರು ಡಾಕ್ಟರಾಗಬೇಕೆನ್ನುವುದು, ಎಲ್ಲದರಲ್ಲೂ ಲೋಕದ ಬೆರಳಿದೆ. ಯಾರನ್ನೂ ನಾವು ನಿಲ್ಲಿಸಿ, ಇದು ನೂರಕ್ಕೆ ನೂರು ನಿನ್ನದೇ ಎಂದು ರುಜುಪಡಿಸು, ಆಮೇಲೆ ಒಪ್ಪಿಗೆ ಕೊಡುತ್ತೇನೆ ಎನ್ನುವುದಿಲ್ಲ. ಕಾಯಿಲೆಯಿಂದ ಎದ್ದ ಹೆಂಗಸಿನಿಂದ ಮಾತ್ರ ಅಂಥ ಶುದ್ಧವಾದ ಆಸೆಯನ್ನು ಕೇಳುತ್ತೇವೆ. ಲಾರ್ಡ್ ಬೇಡ ಎಂದಾಗ ಬೇಕು ಎನ್ನಿಸಲು ಹೊರಟ ಆ ದಾದಿಗೂ, ತಂಗಿ ಬೇಕು ಎಂದಾಗ ಬೇಡ ಎನ್ನಿಸಲು ಹೊರಟ ನನಗೂ ಏನು ವ್ಯತ್ಯಾಸ? ಇಬ್ಬರಿಗೂ ಇನ್ನೊಬ್ಬಳ ಎದೆಯ ಬಗ್ಗೆ ಖಚಿತವಾದ ಅಭಿಪ್ರಾಯವಿತ್ತು. ಹಾಗೆಂದು ಎಲ್ಲರೂ ಮಾಡಿಸಿಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ನನಗೇ ಆ ಪ್ರಸಂಗ ಬಂದರೆ ಬಹುಶಃ ಮಾಡಿಸಿಕೊಳ್ಳಲಾರೆ. ಚಾಕು ಎಂದರೆ ಭಯ ನನಗೆ.

2019ರ ಏಪ್ರಿಲಿನಲ್ಲಿ, ಪರೀಕ್ಷೆಯ ಕೆಲಸ ಮುಗಿಸಿಕೊಂಡು ಹೋಗಿ ಆಸ್ಪತ್ರೆಯಲ್ಲಿ ಅವಳ ಜೊತೆ ನಾನೇ ಉಳಿದೆ. ಬೆಳಿಗ್ಗೆ ಎಂಟಕ್ಕೆ ಒಳಗೆ ಕರೆದುಕೊಂಡು ಹೋದವರು ಸಂಜೆ ಐದರ ಮೇಲೆ ಹೊರಗೆ ತಂದರು. ಮೊದಲ ಎರಡು ರಾತ್ರಿ ಗಂಟೆಗೊಮ್ಮೆ ದಾದಿ ಬಂದು ಪೆನ್ನಿನಂಥ ಒಂದು ಉಪಕರಣವನ್ನು ಹೊಸ ಎದೆಯ ಮೇಲಿಟ್ಟು ಕೇಳಿಸಿಕೊಳ್ಳುತ್ತಿದ್ದಳು. ಹುಷ್, ಹುಷ್ ಎಂದು ತೋಟದ ಕಪ್ಪಿನಲ್ಲಿ ನೀರು ಹೋಗುವ ಹಾಗೆ ಶಬ್ದ. ಅದು ಕೇಳಿಸಿದರೆ ರಕ್ತ ಹರಿಯುತ್ತಿದೆ ಎಂದರ್ಥ. ನಾನು ಅರೆನಿದ್ದೆಯಲ್ಲೂ ಆ ಶಬ್ದಕ್ಕೆ ಕಿವಿಗೊಟ್ಟು ಮಲಗಿರುತ್ತಿದ್ದೆ. ಹೊಟ್ಟೆಯ ಚರ್ಮ ಬಿಗಿಯಾಗಿ ಎಳೆದು ಹೊಲಿದಿದ್ದರಿಂದ ನೆಟ್ಟಗೆ ನಿಲ್ಲಲಾಗದೆ, ಎರಡು ವಾರ ಅವಳು ನೂರು ವರ್ಷದ ಮುದುಕಿಯ ಹಾಗೆ ಬಾಗಿ ನಡೆದಳು. ಹೊಟ್ಟೆಯ ಹೊಲಿಗೆ ಒಂದು ಕಡೆ ಬಿಟ್ಟುಕೊಂಡು ಮಾಗಲು ಆರು ವಾರ ಹಿಡಿಯಿತು. ದಿನಾ ಗಾಯಕ್ಕೆ ಪಟ್ಟಿ ಕಟ್ಟುವಾಗ ‘ಬೇಕಿತ್ತಾ ಇದೆಲ್ಲ’ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಲ್ಲುತ್ತಿತ್ತು. ನುಂಗಿಕೊಳ್ಳುತ್ತಿದ್ದೆ. ಬದಲಾಗುವುದು ಅಷ್ಟು ಸುಲಭವಲ್ಲ.

ಅಂಥ ಒಂದು ದಿನ ಅವಳೇ, ನಾನು ಕೇಳದೆಯೇ, ಆರು ತಿಂಗಳ ಹಿಂದಿನ ನನ್ನ ಪ್ರಶ್ನೆಗೆ ಉತ್ತರ ಕೊಟ್ಟಳು. “ತೋರಿಸೋಕಲ್ಲ ಅಕ್ಕಾ. ಬಚ್ಚಲಿಗೆ ಹೋದಾಗೆಲ್ಲ ನಾನು ಕಾಯಿಲೆಯವಳು ಅಂತ ಅದು ನನಗೆ ಹೇಳ್ತಿತ್ತು. ದಿನಾ ಒಂದು ಸಲ. ಅದರ ಬಾಯಿ ಮುಚ್ಚಿಸಬೇಕಿತ್ತು.” ಸ್ವಲ್ಪ ಹೊತ್ತು ಬಿಟ್ಟು, “ಪೂರ್ತಿ ಮುಚ್ಚಲ್ಲ ಅಂತ ಗೊತ್ತು” ಎಂದಳು.

ಪೂರ್ತಿ ಮುಚ್ಚಲಿಲ್ಲ. ಎರಡೂ ಒಂದೇ ಸಮ ಇಲ್ಲ. ಕಂಕುಳಿನ ಕೈ ಈಗಲೂ ಬಾತುಕೊಳ್ಳುತ್ತದೆ. ವರ್ಷಕ್ಕೊಮ್ಮೆ ತಪಾಸಣೆಗೆ ಹೋಗುವ ಹಿಂದಿನ ರಾತ್ರಿ ನಿದ್ದೆ ಬರುವುದಿಲ್ಲ. ತೊಟ್ಟು ಮಾಡಿಸಿಕೊಳ್ಳಲು ಇನ್ನೊಂದು ಸಲ ಬನ್ನಿ ಎಂದರು, ಸಾಕು ಎಂದುಬಿಟ್ಟಳು. ಆದರೆ ನಗುವ ಸಂಗತಿಯೂ ಇದೆ. ಜಾಗ ಬದಲಾದರೂ ಅದು ಹೊಟ್ಟೆಯ ಕೊಬ್ಬೇ, ತನ್ನ ಹಳೆಯ ಬುದ್ಧಿ ಬಿಟ್ಟಿಲ್ಲ. ಅವಳು ದಪ್ಪಗಾದರೆ ಅದೂ ದಪ್ಪಗಾಗುತ್ತದೆ. ಇನ್ನೊಂದು ಹೋಳಿಗೆ ಬಡಿಸಲು ಹೋದರೆ “ಬೇಡ, ಸೀದಾ ಅಲ್ಲಿಗೇ ಹೋಗತ್ತೆ” ಎನ್ನುತ್ತಾಳೆ.

ಆ ವರ್ಷದ ದೀಪಾವಳಿಗೆ ಬಂದಳು. ನಾನು ಎಣ್ಣೆ ಬಿಸಿ ಮಾಡಿದೆ, ಕರೆಯಲಿಲ್ಲ. ಬಟ್ಟಲನ್ನು ಬಚ್ಚಲ ಕಟ್ಟೆಯ ಮೇಲಿಟ್ಟು ಒಲೆಗೆ ಸೌದೆ ಸರಿಸುತ್ತಾ ನಿಂತಿದ್ದೆ. ಅವಳು ಒಳಗೆ ಬಂದಳು, ಬಾಗಿಲನ್ನು ಹಾಗೇ ಮುಂದಕ್ಕೆ ಎಳೆದಳು, ಮಣೆಯ ಮೇಲೆ ಕೂತು “ಅಕ್ಕಾ, ಎಣ್ಣೆ” ಎಂದಳು.

ಚಿಮಣಿಯ ಬೆಳಕಿನಲ್ಲಿ ನಾನು ಮೊದಲ ಸಲ ಸರಿಯಾಗಿ ನೋಡಿದೆ. ಸುತ್ತ ಹೊಲಿಗೆಯ ಗೆರೆ. ನಡುವಿನ ಚರ್ಮದ ಮೇಲೆ ಬೆಳ್ಳಗೆ, ಸಣ್ಣ ಸಣ್ಣ, ನೀರಿನ ಅಲೆಯಂಥ ಗೀರುಗಳು. ಇದೇನು ಎಂದು ಕೇಳಿದೆ. “ಮಗಳ ಬಸುರಿಯಲ್ಲಿ ಹೊಟ್ಟೆ ಬಿರಿದಿತ್ತಲ್ಲ, ಅದು” ಎಂದಳು. ಚರ್ಮದ ಜೊತೆ ಅದೂ ಮೇಲೆ ಬಂದಿತ್ತು.

ನೆತ್ತಿಗೆ ಎಣ್ಣೆ ಒತ್ತಿ, ಬೆನ್ನಿಗೆ ಹಚ್ಚಿ, ಹಂಡೆಯ ಮುಚ್ಚಳ ತೆಗೆದೆ. ಆ ಜಾಗಕ್ಕೆ ಬಿಸಿ ತಿಳಿಯುವುದಿಲ್ಲ, ಹೊಟ್ಟೆಗೂ ಅಷ್ಟೆ, ಗೊತ್ತಾಗದೆ ಸುಟ್ಟುಕೊಂಡಾರು, ನೀರು ನೋಡಿ ಹಾಕಿಕೊಳ್ಳಬೇಕು ಎಂದು ಡಾಕ್ಟರು ಬಿಡುಗಡೆಯ ದಿನ ಎರಡು ಸಲ ಎಚ್ಚರಿಸಿದ್ದರು. ಚೊಂಬಿನಲ್ಲಿ ತಣ್ಣೀರು ಬೆರೆಸಿ ನನ್ನ ಮುಂಗೈ ಅದ್ದಿ ನೋಡಿದೆ. ಸ್ವಲ್ಪ ಜಾಸ್ತಿಯೆನ್ನಿಸಿತು. ಇನ್ನೊಂದಿಷ್ಟು ತಣ್ಣೀರು ಸುರಿದು ಮತ್ತೆ ನೋಡಿದೆ. ಹೊರಗೆ ಅಣ್ಣನ ಮಗ ಮೊದಲ ಪಟಾಕಿ ಹಚ್ಚಿದ ಸದ್ದಾಯಿತು. “ಬೇಗ ಹಾಕೇ, ಚಳಿ” ಎಂದಳು ತಂಗಿ.